ದೊರೆಯ ತಲೆ ಉರುಳಿದ ಕಾಲದ ಹಟಮಾರಿಗಳು: ಲೆವೆಲರ್‌ಗಳಿಂದ ಕ್ವೇಕರ್‌ಗಳವರೆಗೆ

ವಿಧಾನಸಭೆಗೆ ಗೆದ್ದು ಬಂದವರ ಪ್ರಮಾಣವಚನ ಸಮಾರಂಭವನ್ನು ಟಿವಿಯಲ್ಲಿ ನೋಡುವವರಿಗೆ ಒಂದು ಪ್ರಶ್ನೆ ಏಳುವುದುಂಟು. ಹೆಚ್ಚಿನವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತಾರೆ. ಕೆಲವರು ದೇವರ ಹೆಸರನ್ನೇ ಎತ್ತದೆ ದೃಢವಚನ ಕೊಟ್ಟು ಸಹಿ ಹಾಕಿ ಹೋಗುತ್ತಾರೆ. ಇದು ನಡೆಯುತ್ತದೆಯೇ? ನಡೆಯುತ್ತದೆ. ಸಂವಿಧಾನದ ಮೂರನೇ ಅನುಸೂಚಿಯಲ್ಲಿ ಎರಡೂ ನಮೂನೆಗಳು ಅಕ್ಕಪಕ್ಕದಲ್ಲೇ ಇವೆ. ಆಣೆಯ ಬದಲು ದೃಢವಚನ ಸಾಕು ಎಂಬ ಏರ್ಪಾಡು ನಮಗೆ ಬಂದದ್ದು ಇಂಗ್ಲಿಷ್ ಕಾನೂನಿನಿಂದ. ಆ ಕಾನೂನಿನೊಳಗೆ ಅದನ್ನು ತುರುಕಿದವರು 17ನೇ ಶತಮಾನದ ಕ್ವೇಕರ್‌ಗಳೆಂಬ ಹಟಮಾರಿ ಪಂಥದವರು.

ಕ್ವೇಕರ್‌ಗಳು ಒಂಟಿಯಾಗಿ ಹುಟ್ಟಿದವರಲ್ಲ. 1640ರಿಂದ 1660ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಲೆವೆಲರ್, ಡಿಗ್ಗರ್, ರ‍್ಯಾಂಟರ್, ಫಿಫ್ತ್ ಮೊನಾರ್ಕಿಸ್ಟ್, ಮಗಲ್ಟೋನಿಯನ್ ಎಂಬ ಹೆಸರಿನ ಗುಂಪುಗಳು ಸಾಲುಸಾಲಾಗಿ ಎದ್ದವು. ಇವುಗಳಲ್ಲಿ ಧಾರ್ಮಿಕ ಯಾವುದು, ರಾಜಕೀಯ ಯಾವುದು ಎಂದು ವಿಂಗಡಿಸಲು ಹೊರಟರೆ ದಾರಿ ತಪ್ಪುತ್ತದೆ. ಪ್ರತಿ ಗುಂಪೂ ಕೇಳಿದ್ದು ಒಂದೇ ಪ್ರಶ್ನೆ: ಅಧಿಕಾರ ಎಲ್ಲಿಂದ ಬರುತ್ತದೆ? ಉತ್ತರಗಳು ಬೇರೆಬೇರೆಯಾಗಿದ್ದವು. ಆದರೆ ಯಾರು ಉಳಿದರು, ಯಾರು ಅಳಿದರು ಎಂಬುದನ್ನು ನಿರ್ಧರಿಸಿದ್ದು ಉತ್ತರ ಎಷ್ಟು ಒಳ್ಳೆಯದಾಗಿತ್ತು ಎಂಬುದಲ್ಲ, ಅದು ಯಾವುದರ ಮೇಲೆ ನಿಂತಿತ್ತು ಎಂಬುದು.

ಚರ್ಚು ಆಗ ಏನೇನಾಗಿತ್ತು

ಆಗಿನ ಇಂಗ್ಲೆಂಡಿನ ಜನಸಂಖ್ಯೆ ಸುಮಾರು 50 ಲಕ್ಷ. ದೇಶವನ್ನು 9,000ಕ್ಕೂ ಹೆಚ್ಚು ಪ್ಯಾರಿಷ್‌ಗಳಾಗಿ ಹಂಚಲಾಗಿತ್ತು. ಒಂದೊಂದು ಪ್ಯಾರಿಷ್‌ಗೆ ಒಂದೊಂದು ಚರ್ಚು. ನಮ್ಮ ತಾಲ್ಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಕಚೇರಿ, ಸಿವಿಲ್ ಕೋರ್ಟು, ದೇವಸ್ಥಾನ ನಾಲ್ಕೂ ಒಂದೇ ಆಡಳಿತದ ಕೈಯಲ್ಲಿದ್ದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ. ಮದುವೆ, ಉಯಿಲು, ಮಾನನಷ್ಟ, ವ್ಯಭಿಚಾರದ ಮೊಕದ್ದಮೆಗಳು ಚರ್ಚಿನ ನ್ಯಾಯಾಲಯಗಳಿಗೆ ಹೋಗುತ್ತಿದ್ದವು. ಬಡವರಿಗೆ ಪರಿಹಾರ ಹಂಚುವುದು ಪ್ಯಾರಿಷ್‌ನ ಕೆಲಸ. ಸರ್ಕಾರದ ಪ್ರಕಟಣೆಗಳನ್ನು ಓದಿ ಹೇಳುತ್ತಿದ್ದುದೂ ಚರ್ಚಿನ ವೇದಿಕೆಯಿಂದಲೇ.

ಭಾನುವಾರ ಚರ್ಚಿಗೆ ಹೋಗದಿದ್ದರೆ 1559ರ ಕಾಯ್ದೆಯಂತೆ 12 ಪೆನ್ನಿ ದಂಡ. ಕೂಲಿಯವನಿಗೆ ಅದು ಸುಮಾರು ಒಂದು ದಿನದ ದುಡಿಮೆ. ಇದಲ್ಲದೆ ದಶಮಾಂಶ ಎಂಬ ತೆರಿಗೆಯೂ ಇತ್ತು: ಬೆಳೆದ ಧಾನ್ಯ, ಹುಲ್ಲು, ಉಣ್ಣೆ, ಕುರಿಮರಿ ಎಲ್ಲದರಲ್ಲೂ ಹತ್ತರಲ್ಲೊಂದು ಪಾಲು ಪಾದ್ರಿಗೆ. ಪಾದ್ರಿಗಾದರೂ ಹೋದರೆ ಸರಿ ಎನ್ನಬಹುದಿತ್ತು. ಆದರೆ 16ನೇ ಶತಮಾನದಲ್ಲಿ ಮಠಗಳನ್ನು ಮುಚ್ಚಿದಾಗ ಅವುಗಳ ಕೈಯಲ್ಲಿದ್ದ ದಶಮಾಂಶದ ಹಕ್ಕು ಮಾರಾಟವಾಗಿ, ಮೂರನೇ ಒಂದಕ್ಕಿಂತ ಹೆಚ್ಚು ಪ್ಯಾರಿಷ್‌ಗಳಲ್ಲಿ ಜಮೀನುದಾರರ ಪಾಲಾಗಿತ್ತು. ಪೂಜೆಗೂ ಪ್ರಾರ್ಥನೆಗೂ ಸಂಬಂಧವಿಲ್ಲದ ಧಣಿಯೊಬ್ಬನಿಗೆ ರೈತ ದೇವರ ಹೆಸರಿನಲ್ಲಿ ಬೆಳೆಯ ಪಾಲು ಅಳೆದು ಕೊಡಬೇಕು. ಹಾಗಾಗಿ ದಶಮಾಂಶವನ್ನು ಪ್ರಶ್ನಿಸಿದರೆ ಅದು ಪಾದ್ರಿಗೆ ಎಸೆದ ಸವಾಲಷ್ಟೇ ಆಗುತ್ತಿರಲಿಲ್ಲ, ಆಸ್ತಿಯ ಹಕ್ಕಿಗೂ ಎಸೆದ ಸವಾಲಾಗುತ್ತಿತ್ತು. ಮುಂದೆ ಬರುವ ಜಗಳಗಳಲ್ಲಿ ಈ ಒಂದು ತೆರಿಗೆ ಮತ್ತೆಮತ್ತೆ ಎದುರಾಗುತ್ತದೆ.

ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ದೀಕ್ಷಾಸ್ನಾನ ಮಾಡಿಸುವುದೂ ಇದೇ ಏರ್ಪಾಡಿನ ಭಾಗ. ಹುಟ್ಟಿದವರೆಲ್ಲ ತಾನಾಗಿಯೇ ರಾಷ್ಟ್ರೀಯ ಚರ್ಚಿನ ಸದಸ್ಯರು. ಬ್ಯಾಪ್ಟಿಸ್ಟರೆಂಬ ಪಂಥದವರು ಇಲ್ಲಿ ತಕರಾರು ತೆಗೆದರು. ನಂಬಿಕೆ ಎಂಬುದು ಬುದ್ಧಿ ಬಂದ ಮೇಲೆ ಒಬ್ಬೊಬ್ಬರೂ ತಾವೇ ಮಾಡಬೇಕಾದ ತೀರ್ಮಾನ, ಆದ್ದರಿಂದ ಸ್ನಾನ ದೊಡ್ಡವರಿಗೆ ಮಾತ್ರ ಎಂದರು. ಕೇಳಲು ಇದು ಆಚಾರದ ಜಗಳ. ಆದರೆ ಇದನ್ನು ಒಪ್ಪಿಕೊಂಡರೆ ಚರ್ಚು ಇಷ್ಟವಿದ್ದವರು ಸೇರುವ ಸಂಘವಾಗಿಬಿಡುತ್ತದೆ, ಅದಕ್ಕೆ ತೆರಿಗೆ ಎತ್ತುವ ಹಕ್ಕು ಉಳಿಯುವುದಿಲ್ಲ. ಇಂಗ್ಲೆಂಡಿನ ನೆಲದ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಥಾಮಸ್ ಹೆಲ್ವಿಸ್ 1612ರ ಹೊತ್ತಿಗೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಕಟ್ಟಿ, ಕೊನೆಗೆ ಜೈಲು ಸೇರಿದ. 1630ರ ದಶಕದಲ್ಲಿ ಪರ್ಟಿಕ್ಯುಲರ್ ಬ್ಯಾಪ್ಟಿಸ್ಟರೆಂಬ ಇನ್ನೊಂದು ಕವಲು ಒಡೆಯಿತು. ಈ ಕವಲಿನ ಮುಂದಿನ ತಲೆಮಾರಿನವರು 1792ರಲ್ಲಿ ಕಟ್ಟಿದ ಮಿಷನ್ನಿನಿಂದಲೇ ವಿಲಿಯಂ ಕೇರಿ ಬಂಗಾಳಕ್ಕೆ ಬಂದದ್ದು. ಅಲ್ಲಿನ ಶ್ರೀರಾಮಪುರದಲ್ಲಿ 1817ರಲ್ಲಿ ಕೇರಿಯ ಕರ್ಣಾಟ ಭಾಷೆಯ ವ್ಯಾಕರಣ ಅಚ್ಚಾಯಿತು. ಕನ್ನಡ ಅಕ್ಷರಗಳು ಅಚ್ಚಿನಮೊಳೆಗೆ ಇಳಿದ ಕತೆಗೆ ಹೀಗೊಂದು ದೂರದ ಬೇರಿದೆ.

ಬೀಗ ಕಳಚಿದ್ದು ಹೇಗೆ

ದೊರೆ ಒಂದನೇ ಚಾರ್ಲ್ಸ್ 11 ವರ್ಷ ಸಂಸತ್ತನ್ನು ಕರೆಯದೆಯೇ ಆಳಿದ್ದ. ಸ್ಕಾಟ್ಲೆಂಡಿನ ಮೇಲೆ ಹೊಸ ಪ್ರಾರ್ಥನಾ ಪುಸ್ತಕ ಹೇರಲು ಹೋಗಿ ಯುದ್ಧ ತಂದುಕೊಂಡ, ಯುದ್ಧಕ್ಕೆ ಹಣ ಬೇಕಾಯಿತು. ಅದಕ್ಕಾಗಿ 1640ರ ನವೆಂಬರ್ 3ರಂದು ಕರೆದ ಸಂಸತ್ತು ಅವನ ಕೈಮೀರಿತು. 1641ರ ಜುಲೈನಲ್ಲಿ ಅದು ಸ್ಟಾರ್ ಚೇಂಬರ್ ಎಂಬ ರಾಜನ ವಿಶೇಷ ನ್ಯಾಯಾಲಯವನ್ನು ರದ್ದು ಮಾಡಿತು. ಮುದ್ರಣಾಲಯಗಳ ಮೇಲೆ ಕಣ್ಣಿಟ್ಟಿದ್ದುದು ಇದೇ ನ್ಯಾಯಾಲಯ. ಲಂಡನ್ನಿನಲ್ಲಿ 20 ಮಂದಿ ಮಾತ್ರ ಮುದ್ರಣ ಯಜಮಾನರಿರಬೇಕು ಎಂದು 1637ರಲ್ಲಿ ಕಟ್ಟಪ್ಪಣೆ ಮಾಡಿದ್ದೂ ಇದೇ. ಅದು ಹೋದೊಡನೆ ಸೆನ್ಸಾರ್ ಕುಸಿಯಿತು.

ಪರಿಣಾಮವನ್ನು ಅಳೆಯಲು ಒಂದು ಅಪರೂಪದ ಸಾಧನವಿದೆ. ಜಾರ್ಜ್ ಥಾಮಸನ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿ ಕೈಗೆ ಸಿಕ್ಕಿದ ಕರಪತ್ರ, ಸುದ್ದಿಹಾಳೆಗಳನ್ನೆಲ್ಲ ಕೂಡಿಡುತ್ತ ಹೋದ. ಸಂಗ್ರಹ ಶುರುವಾದ 1640ರದ್ದು ಅದರಲ್ಲಿ 22 ಮಾತ್ರ ಇವೆ, 1642ರದ್ದು ಹತ್ತಿರ ಹತ್ತಿರ 2,000. 1661ರ ಹೊತ್ತಿಗೆ ಒಟ್ಟು 22,000 ದಾಟಿತ್ತು. ಒಂದೇ ಕಾಗದವನ್ನು ಎರಡು ಸಲ ಮಡಚಿದರೆ ನಾಲ್ಕು ಹಾಳೆ, ಎಂಟು ಪುಟ. ಅಂಥದ್ದರ ಬೆಲೆ ಸುಮಾರು ಒಂದು ಪೆನ್ನಿ. ಚಮ್ಮಾರ, ನೇಕಾರ, ಕಮ್ಮಾರ ಕೊಂಡು ಓದಬಲ್ಲ ಬೆಲೆ, ಬರೆಯಬಲ್ಲವನಾದರೆ ಅಚ್ಚು ಹಾಕಿಸಬಲ್ಲ ಬೆಲೆ ಕೂಡ.

1642ರ ಆಗಸ್ಟ್‌ನಲ್ಲಿ ದೊರೆ ಮತ್ತು ಸಂಸತ್ತಿನ ನಡುವೆ ಅಂತರ್ಯುದ್ಧವೇ ಹೊತ್ತಿಕೊಂಡಿತು. ಚರ್ಚಿನ ನ್ಯಾಯಾಲಯಗಳು ನಿಂತುಹೋದವು, 1646ರಲ್ಲಿ ಬಿಷಪ್ ಹುದ್ದೆಗಳೇ ಹೋದವು. ಹಾಜರಿಯ ದಂಡ ಹಾಕುವವರಿಲ್ಲ. ಅದರ ಮೇಲೆ 1646ರಿಂದ ಸತತವಾಗಿ ಬೆಳೆ ಕೈಕೊಟ್ಟು ರೊಟ್ಟಿಯ ಬೆಲೆ ಏರಿತು. ಮಾತಾಡುವ ಬಾಯಿ, ಕೇಳುವ ಕಿವಿ, ಹಸಿದ ಹೊಟ್ಟೆ ಮೂರೂ ಒಟ್ಟಿಗೆ ಸೇರಿದವು.

ಆಗಿನ ದಾಖಲೆಗಳನ್ನು ನೋಡಹೊರಟವರಿಗೆ ಒಂದು ಎಚ್ಚರಿಕೆ. ಇಂಗ್ಲೆಂಡಿನ ವರ್ಷ ಆಗ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ದೊರೆಯ ತಲೆ ಕಡಿದ ಜನವರಿ 30 ನಮಗೆ 1649, ಅಂದಿನವರ ಬರಹದಲ್ಲಿ 1648. ಒಂದೇ ಘಟನೆಗೆ ಎರಡು ಇಸವಿ ಕಂಡರೆ ಗಾಬರಿಯಾಗಬೇಕಿಲ್ಲ.

ಬಾಕಿ ಸಂಬಳದಿಂದ ಮತದ ಹಕ್ಕಿಗೆ: ಲೆವೆಲರ್‌ಗಳು

ಸಂಸತ್ತು 1645ರಲ್ಲಿ ಕಟ್ಟಿದ ನ್ಯೂ ಮಾಡೆಲ್ ಆರ್ಮಿ ಸುಮಾರು 22,000 ಮಂದಿಯ ಸೈನ್ಯ. ಯುದ್ಧ ಗೆದ್ದುಕೊಟ್ಟದ್ದು ಇದೇ ಸೈನ್ಯ. 1647ರ ವಸಂತದಲ್ಲಿ ಸಂಸತ್ತು ಅದನ್ನು ಬರಖಾಸ್ತು ಮಾಡಿ, ಒಂದಷ್ಟು ಜನರನ್ನು ಐರ್ಲೆಂಡಿಗೆ ಅಟ್ಟಲು ಹೊರಟಿತು. ಕಾಲಾಳಿಗೆ ದಿನಕ್ಕೆ 8 ಪೆನ್ನಿ ಸಂಬಳ, ಅದು 18 ವಾರಗಳಿಂದ ಬಾಕಿ. ಕುದುರೆ ಸವಾರರಿಗೆ 43 ವಾರ. ಸಂಸತ್ತು ಮೊದಲಿಗೆ ಕೊಡುತ್ತೇನೆಂದದ್ದು 6 ವಾರದ್ದು. ಜೊತೆಗೆ ಸೈನಿಕರಿಗೆ ಇನ್ನೊಂದು ಭಯ: ಯುದ್ಧಕಾಲದಲ್ಲಿ ಯಾರದೋ ಕುದುರೆ ವಶಪಡಿಸಿಕೊಂಡದ್ದಕ್ಕೆ ಮನೆಗೆ ಮರಳಿದ ಮೇಲೆ ಕಳ್ಳತನದ ಕೇಸು ಬಿದ್ದರೆ?

ಸೈನಿಕರು ರೆಜಿಮೆಂಟಿನಿಂದ ಪ್ರತಿನಿಧಿಗಳನ್ನು ಆರಿಸಿದರು. ಇವರೇ ಅಜಿಟೇಟರ್‌ಗಳು. ಪ್ರತಿ ರೆಜಿಮೆಂಟಿನ ಇಬ್ಬರು ಅಧಿಕಾರಿಗಳು, ಇಬ್ಬರು ಸಾಮಾನ್ಯ ಸೈನಿಕರು ಸೇನಾ ಮಂಡಳಿಯಲ್ಲಿ ಕೂತರು. ಇತ್ತ ಲಂಡನ್ನಿನಲ್ಲಿ ಜಾನ್ ಲಿಲ್ಬರ್ನ್, ರಿಚರ್ಡ್ ಓವರ್ಟನ್, ವಿಲಿಯಂ ವಾಲ್ವಿನ್ ಎಂಬ ಮೂವರು ವರ್ಷಗಳಿಂದ ಕರಪತ್ರಗಳಲ್ಲಿ ಬರೆಯುತ್ತಿದ್ದರು: ಅಧಿಕಾರದ ಮೂಲ ಜನ, ಸಂಸತ್ತು ಅವರ ಏಜೆಂಟು ಮಾತ್ರ, ಏಜೆಂಟನಿಗೂ ಮಿತಿಯಿದೆ. ಸೈನಿಕರ ಸಂಬಳದ ಸಿಟ್ಟಿಗೆ ಈ ವಾದ ಜೋಡಿಯಾಯಿತು. ಎಲ್ಲರ ಆಸ್ತಿಯನ್ನೂ ಸಮತಟ್ಟು ಮಾಡಹೊರಟವರು ಎಂದು ವಿರೋಧಿಗಳು ಇವರಿಗೆ ಲೆವೆಲರ್ ಎಂದು ಬಿರುದು ಕೊಟ್ಟರು. ಅವರು ಅದನ್ನು ಕೊನೆಯವರೆಗೂ ಅಲ್ಲಗಳೆದರು. ಅವರು ಕೇಳಿದ್ದು ಆಸ್ತಿಯ ಪಾಲನ್ನಲ್ಲ.

ಕೇಳಿದ್ದೇನು? 1647ರ ಅಕ್ಟೋಬರ್ ಕೊನೆಯಲ್ಲಿ ಸಿದ್ಧವಾದ ‘ಜನತೆಯ ಒಪ್ಪಂದ’ ಎಂಬ ಕಿರು ಕರಡಿನಲ್ಲಿ ಅದು ಇದೆ. ಎರಡು ವರ್ಷಕ್ಕೊಮ್ಮೆ ಹೊಸ ಸಂಸತ್ತು, ಜನಸಂಖ್ಯೆಗೆ ತಕ್ಕ ಕ್ಷೇತ್ರ, ಕಾನೂನಿನ ಮುಂದೆ ಎಲ್ಲರೂ ಸಮ. ಅದಕ್ಕಿಂತ ಹೊಸದು ಇನ್ನೊಂದಿತ್ತು: ಚುನಾಯಿತ ಸಂಸತ್ತೂ ಮುಟ್ಟಕೂಡದ ವಿಷಯಗಳ ಪಟ್ಟಿ. ಧರ್ಮದ ವಿಷಯದಲ್ಲಿ ಬಲವಂತ ಕೂಡದು, ಯಾರನ್ನೂ ಒತ್ತಾಯದಿಂದ ಸೈನ್ಯಕ್ಕೆ ಸೇರಿಸಕೂಡದು. ಶಾಸನಸಭೆಗೂ ಬೇಲಿ ಹಾಕುವ ಲಿಖಿತ ದಾಖಲೆ ಎಂಬ ಕಲ್ಪನೆ ಆ ದೇಶದಲ್ಲಿ ಅಲ್ಲಿಯವರೆಗೆ ಯಾರೂ ಹೀಗೆ ಮುಂದಿಟ್ಟಿರಲಿಲ್ಲ.

ಈ ಕರಡಿನ ಮೇಲೆ ಚರ್ಚೆ ನಡೆದದ್ದು ಲಂಡನ್ ಬಳಿಯ ಪಟ್ನಿಯಲ್ಲಿ. ಅಕ್ಟೋಬರ್ 28ರಂದು ಸೇಂಟ್ ಮೇರಿ ಚರ್ಚಿನಲ್ಲಿ ಶುರುವಾಯಿತು, ಸೈನ್ಯದ ಉಪಸೇನಾಪತಿ ಆಲಿವರ್ ಕ್ರಾಮ್‌ವೆಲ್ ಅಧ್ಯಕ್ಷತೆ. ಜಿಲ್ಲಾ ಕ್ಷೇತ್ರಗಳಲ್ಲಿ ಆಗ ಮತವಿದ್ದದ್ದು ವರ್ಷಕ್ಕೆ 40 ಶಿಲ್ಲಿಂಗ್ ಹುಟ್ಟುವ ಸ್ವಂತ ಜಮೀನಿದ್ದವರಿಗೆ ಮಾತ್ರ, 15ನೇ ಶತಮಾನದ ನಿಯಮ. ಇಂಗ್ಲೆಂಡಿನ ಕಡುಬಡವನಿಗೂ ದೊಡ್ಡವನ ಹಾಗೆಯೇ ಬಾಳಬೇಕಾದ ಒಂದು ಬಾಳಿದೆ, ಹಾಗಾಗಿ ಆಳಿಸಿಕೊಳ್ಳುವವನು ಮೊದಲು ಒಪ್ಪಿಗೆ ಕೊಡಬೇಕು ಎಂದ ಕರ್ನಲ್ ಥಾಮಸ್ ರೇನ್ಸ್‌ಬರೊ. ಕ್ರಾಮ್‌ವೆಲ್‌ನ ಅಳಿಯ ಹೆನ್ರಿ ಐರ್ಟನ್ ಒಪ್ಪಲಿಲ್ಲ. ದೇಶದಲ್ಲಿ ಸ್ಥಿರವಾದ ಹಿತಾಸಕ್ತಿ ಇಲ್ಲದವನಿಗೆ ಮತ ಕೊಟ್ಟರೆ, ಆಸ್ತಿಯಿಲ್ಲದ ಬಹುಮತ ನಾಳೆ ಆಸ್ತಿಯನ್ನೇ ರದ್ದು ಮಾಡದೆ ಬಿಟ್ಟೀತೇ ಎಂಬುದು ಅವನ ವಾದ. ಐರ್ಟನ್‌ನನ್ನು ಖಳನೆಂದು ತಳ್ಳಿಹಾಕುವುದು ಸುಲಭ, ಆದರೆ ಮುಂದಿನ ಎರಡೂವರೆ ಶತಮಾನ ಇಂಗ್ಲೆಂಡಿನ ಮತದಾನದ ಜಗಳವೆಲ್ಲ ನಡೆದದ್ದು ಅವನು ಎತ್ತಿದ ಈ ಆಕ್ಷೇಪದ ಸುತ್ತಲೇ. ವಿಲಿಯಂ ಕ್ಲಾರ್ಕ್ ಎಂಬ ಕಾರ್ಯದರ್ಶಿ ಶೀಘ್ರಲಿಪಿಯಲ್ಲಿ ಬರೆದುಕೊಂಡಿದ್ದರಿಂದ ಮಾತುಗಳು ಉಳಿದವು, ಅಚ್ಚಾದದ್ದು ಮಾತ್ರ 1891ರಲ್ಲಿ. ಅಲ್ಲಿಯವರೆಗೆ ಅವು ಆಕ್ಸ್‌ಫರ್ಡಿನ ಒಂದು ಕಾಲೇಜಿನ ಕಪಾಟಿನಲ್ಲಿದ್ದವು.

ಎಡವಿದ್ದೆಲ್ಲಿ? ಲೆವೆಲರ್‌ಗಳ ಬಲವೆಲ್ಲ ಸೈನ್ಯದ ಮೇಲೆ ನಿಂತಿತ್ತು, ಸೈನ್ಯ ನಿಂತದ್ದು ಶಿಸ್ತಿನ ಮೇಲೆ. ಅಧಿಕಾರಿಗಳು ಬಾಕಿ ಸಂಬಳದ ವ್ಯವಸ್ಥೆ ಮಾಡಿದರೆ ಅರ್ಧ ಕಸುವು ಇಳಿಯುತ್ತದೆ, ಉಳಿದರ್ಧಕ್ಕೆ ಕೋರ್ಟ್ ಮಾರ್ಷಲ್ ಇತ್ತು. 1647ರ ನವೆಂಬರ್ 15ರಂದು ವೇರ್ ಬಳಿ ಸೈನಿಕರು ಒಪ್ಪಂದದ ಪ್ರತಿಯನ್ನು ಟೋಪಿಗೆ ಸಿಕ್ಕಿಸಿಕೊಂಡು ಬಂದಾಗ ರಿಚರ್ಡ್ ಆರ್ನಲ್ಡ್ ಎಂಬವನನ್ನು ಅಲ್ಲೇ ಗುಂಡಿಕ್ಕಿ ಕೊಂದರು. 1649ರ ಏಪ್ರಿಲ್‌ನಲ್ಲಿ ರಾಬರ್ಟ್ ಲಾಕಿಯರ್‌ಗೂ ಅದೇ ಗತಿ. ಅವನ ಶವಯಾತ್ರೆಗೆ ಸಾವಿರಾರು ಜನ ಸಮುದ್ರಹಸಿರು ರಿಬ್ಬನ್ ಕಟ್ಟಿಕೊಂಡು ಬಂದರು, ಅದು ಲೆವೆಲರ್‌ಗಳ ಬಣ್ಣ. ಮೇ ತಿಂಗಳಲ್ಲಿ ಬಂಡೆದ್ದ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಕ್ರಾಮ್‌ವೆಲ್ ರಾತ್ರೋರಾತ್ರಿ ಬರ್ಫರ್ಡಿನಲ್ಲಿ ಹಿಡಿದು ಊರ ಚರ್ಚಿನಲ್ಲಿ ಕೂಡಿಹಾಕಿ, 17ರಂದು ಮೂವರನ್ನು ಗೋಡೆಗೆ ನಿಲ್ಲಿಸಿ ಕೊಲ್ಲಿಸಿದ. ಸೈನ್ಯದೊಳಗಿನ ಚಳವಳಿ ಅಲ್ಲಿಗೆ ಮುಗಿಯಿತು.

ಆ ತಿಂಗಳ ಮೊದಲ ದಿನ ಲಿಲ್ಬರ್ನ್ ಮತ್ತು ಮೂವರು ಸಂಗಡಿಗರು ಲಂಡನ್ ಟವರ್‌ನ ಸೆರೆಯಿಂದಲೇ ಒಪ್ಪಂದದ ಕೊನೆಯ ರೂಪ ಹೊರಡಿಸಿದ್ದರು: 400 ಸದಸ್ಯರ ಸಂಸತ್ತು, ಪ್ರತಿ ವರ್ಷ ಚುನಾವಣೆ, 21 ತುಂಬಿದ ಗಂಡಸರಿಗೆ ಮತ. ಮನೆಯಾಳುಗಳು, ಪ್ಯಾರಿಷ್‌ನ ಭಿಕ್ಷೆಯಲ್ಲಿ ಬದುಕುವವರು, ದೊರೆಯ ಪರ ನಿಂತವರು ಇದರಿಂದ ಹೊರಗೆ. ಹೆಂಗಸರಿಗೂ ಇಲ್ಲ. ಸೆರೆಯಲ್ಲಿದ್ದ ನಾಯಕರ ಬಿಡುಗಡೆಗಾಗಿ ಸಾವಿರಾರು ಹೆಂಗಸರು ಸಹಿ ಹಾಕಿದ ಮನವಿ ಹೊತ್ತು ಸಂಸತ್ತಿನ ಬಾಗಿಲಿಗೆ ಹೋದದ್ದು ಅದೇ ವಸಂತದಲ್ಲಿ. ಮನೆಗೆ ಹೋಗಿ ಪಾತ್ರೆ ತೊಳೆಯಿರಿ ಎಂಬ ಧಾಟಿಯ ಉತ್ತರ ಸಿಕ್ಕಿತು. ಲಿಲ್ಬರ್ನ್‌ನ ಮೇಲೆ ಅಕ್ಟೋಬರ್‌ನಲ್ಲಿ ರಾಜದ್ರೋಹದ ವಿಚಾರಣೆ ನಡೆಯಿತು. ಕಾನೂನಿನ ಬಗ್ಗೆಯೂ ನೀವೇ ನಿರ್ಣಯಿಸಬಹುದು ಎಂದು ಅವನು ಜ್ಯೂರಿಗೆ ಹೇಳಿದ, ಜ್ಯೂರಿ ಅವನನ್ನು ಬಿಡುಗಡೆ ಮಾಡಿತು.

ಗೋಮಾಳದಲ್ಲಿ ಗುದ್ದಲಿ: ಡಿಗ್ಗರ್‌ಗಳು

ದೊರೆಯ ತಲೆ ಉರುಳಿ ಎರಡು ತಿಂಗಳಾಗಿತ್ತು. 1649ರ ಏಪ್ರಿಲ್ 1, ಭಾನುವಾರ. ಸರ್ರಿ ಜಿಲ್ಲೆಯ ಸೇಂಟ್ ಜಾರ್ಜ್ಸ್ ಹಿಲ್ ಎಂಬ ಮರಳುದಿಣ್ಣೆಯ ಗೋಮಾಳದಲ್ಲಿ ಕೆಲವರು ಅಗೆಯತೊಡಗಿದರು. ಪಾರ್ಸ್‌ನಿಪ್, ಕ್ಯಾರೆಟ್, ಹುರುಳಿಕಾಯಿ ಬಿತ್ತಿದರು. ನಾಯಕ ಜೆರಾರ್ಡ್ ವಿನ್‌ಸ್ಟನ್ಲಿ 1609ರಲ್ಲಿ ವಿಗನ್‌ನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರ ಮಾಡಿ, ಯುದ್ಧದಲ್ಲಿ ದಿವಾಳಿಯಾಗಿ, ಕೊನೆಗೆ ದನ ಮೇಯಿಸಲು ಬಂದವನು. ಭೂಮಿ ಎಲ್ಲರ ಸಾಮಾನ್ಯ ಭಂಡಾರ ಎಂಬುದು ಅವನ ಸೂತ್ರ. ಅದರ ಹಿಂದೆ ವಕೀಲನಂಥ ತರ್ಕವೂ ಇತ್ತು. ಜಮೀನುದಾರರ ಹಕ್ಕು ಬಂದದ್ದು 1066ರಲ್ಲಿ ದೇಶ ಗೆದ್ದ ನಾರ್ಮನ್ ವಿಲಿಯಂನಿಂದ, ಆ ವಿಲಿಯಂನ ಉತ್ತರಾಧಿಕಾರಿಯನ್ನು ಈಗ ಜನರೇ ಗೆದ್ದಿದ್ದಾರೆ, ಹಾಗಿದ್ದ ಮೇಲೆ ಗೋಮಾಳದ ಮೇಲೆ ಧಣಿಯ ಹಕ್ಕು ಎಲ್ಲಿ ಉಳಿಯಿತು?

ಆದರೆ ಗೋಮಾಳದ ಹಕ್ಕು ಎರಡು ಪದರದ್ದು. ನೆಲದ ಒಡೆತನ ಜಹಗೀರಿನ ಧಣಿಯದು. ಅದರ ಮೇಲೆ ದನ ಬಿಡುವ, ಸೌದೆ ಆಯುವ, ಉರುವಲಿಗೆ ಹುಲ್ಲುಹೆಂಟೆ ಕೀಳುವ ಹಕ್ಕು ಊರಿನ ಒಕ್ಕಲಿಗರದು. ಡಿಗ್ಗರ್‌ಗಳು ಅಗೆದಾಗ ಧಣಿಗಿಂತ ಮೊದಲು ಸಿಟ್ಟಾದದ್ದು ಈ ಒಕ್ಕಲಿಗರೇ, ಅವರ ದನದ ಮೇವು ಹೋಗುತ್ತಿತ್ತು. ಬೆಳೆ ಕೈಗೆ ಬರುವವರೆಗೆ ಗೋಮಾಳದ ಮರ ಕಡಿದು ಮಾರುತ್ತೇವೆ ಎಂಬ ಡಿಗ್ಗರ್‌ಗಳ ಘೋಷಣೆ ಉರಿಗೆ ತುಪ್ಪ ಸುರಿಯಿತು. ಬಡವರ ಪರವಾಗಿ ಹೊರಟ ಪ್ರಯೋಗಕ್ಕೆ ಮೊದಲ ಏಟು ಅರೆಬಡವರಿಂದಲೇ ಬಿತ್ತು.

ಸೇನಾಪತಿ ಫೇರ್‌ಫ್ಯಾಕ್ಸ್ ವಿನ್‌ಸ್ಟನ್ಲಿಯನ್ನು ಕರೆಸಿ ಮಾತಾಡಿದ, ಟೋಪಿ ತೆಗೆಯದೆ ನಿಂತವರನ್ನು ನೋಡಿ ಇವರಿಂದ ಅಪಾಯವಿಲ್ಲವೆಂದು ಬಿಟ್ಟ. ಊರವರು ಬಿಡಲಿಲ್ಲ. ಜೂನ್‌ನಲ್ಲಿ ಹೆಣ್ಣುಡುಗೆ ತೊಟ್ಟು ಬಂದ ಗಂಡಸರ ಗುಂಪೊಂದು ನಾಲ್ವರು ಡಿಗ್ಗರ್‌ಗಳನ್ನು ಬಡಿದುಹಾಕಿತು. ಕಿಂಗ್ಸ್‌ಟನ್ ನ್ಯಾಯಾಲಯದಲ್ಲಿ ಅತಿಕ್ರಮಣದ ದಾವೆ ಬಿತ್ತು. ವಕೀಲನನ್ನು ಇಡದೆ ತಾವೇ ವಾದಿಸುತ್ತೇವೆ ಎಂದದ್ದಕ್ಕೆ ಬಾಯಿ ತೆರೆಯಲೂ ಅವಕಾಶ ಸಿಗದೆ, ತಲೆಗೆ 10 ಪೌಂಡ್ ದಂಡ ಬಿತ್ತು. ಆಗಸ್ಟ್‌ನಲ್ಲಿ ಹತ್ತಿರದ ಕಾಬಮ್‌ನ ಲಿಟಲ್ ಹೀತ್‌ಗೆ ಸರಿದು ಹತ್ತಾರು ಎಕರೆಯಲ್ಲಿ ಚಳಿಗಾಲದ ಧಾನ್ಯ ಹಾಕಿ, ಗುಡಿಸಲು ಕಟ್ಟಿದರು. 1650ರ ಏಪ್ರಿಲ್‌ನಲ್ಲಿ ಅಲ್ಲಿನ ಧಣಿಯೂ ಪಾದ್ರಿಯೂ ಆಗಿದ್ದ ಜಾನ್ ಪ್ಲಾಟ್ ಆಳುಗಳೊಂದಿಗೆ ಬಂದು ಗುಡಿಸಲಿಗೆ ಬೆಂಕಿಯಿಡಿಸಿದ. ಆಯಿತು, ಒಂದು ವರ್ಷದ ಕತೆ.

ವಿನ್‌ಸ್ಟನ್ಲಿ 1652ರಲ್ಲಿ ಇಡೀ ರಾಜ್ಯದ ನಕ್ಷೆಯನ್ನೇ ಬರೆದು ಕ್ರಾಮ್‌ವೆಲ್‌ಗೆ ಅರ್ಪಿಸಿದ. ಹಣವಿಲ್ಲ, ಎಲ್ಲರೂ ಬೆಳೆದದ್ದನ್ನು ಉಗ್ರಾಣಕ್ಕೆ ಹಾಕಿ ಬೇಕಾದಷ್ಟು ಒಯ್ಯುವುದು, ಅಧಿಕಾರಿಗಳಿಗೆ ವರ್ಷಕ್ಕೊಮ್ಮೆ ಚುನಾವಣೆ, 40 ದಾಟಿದ ಮೇಲೆ ದುಡಿಮೆಯಿಂದ ಬಿಡುವು. ಅದೇ ಹೊತ್ತಗೆಯಲ್ಲಿ ಭೂಮಿಯನ್ನು ಕೊಂಡು ಮಾರಿದವರಿಗೆ ಮರಣದಂಡನೆಯೂ ಇದೆ ಎಂಬುದನ್ನು ಅವನ ಅಭಿಮಾನಿಗಳು ಹೆಚ್ಚು ಹೇಳುವುದಿಲ್ಲ. ಕೊನೆಗಾಲದಲ್ಲಿ ಅದೇ ಸೀಮೆಯಲ್ಲಿ ಚರ್ಚ್‌ವಾರ್ಡನ್ ಆದ, ಕಾನ್‌ಸ್ಟೇಬಲ್ ಆದ. ಸೇಂಟ್ ಜಾರ್ಜ್ಸ್ ಹಿಲ್ ಈಗ ಕಾವಲುಗೇಟು, ಗಾಲ್ಫ್ ಮೈದಾನವಿರುವ ಕೋಟ್ಯಧಿಪತಿಗಳ ಬಡಾವಣೆ.

ರ‍್ಯಾಂಟರ್‌ಗಳು: ಸುದ್ದಿ ಜಾಸ್ತಿ, ಜನ ಕಡಿಮೆ

ದೇವರು ಎಲ್ಲದರಲ್ಲೂ ಇದ್ದಾನೆ, ಹಾಗಾಗಿ ಶುದ್ಧನಾದವನಿಗೆ ಎಲ್ಲವೂ ಶುದ್ಧ, ಪಾಪವೆಂಬುದು ನೋಡುವವನ ಕಣ್ಣಲ್ಲಿದೆ. ಅಬಿಯೇಜರ್ ಕಾಪ್, ಲಾರೆನ್ಸ್ ಕ್ಲಾರ್ಕ್ಸನ್ ಮುಂತಾದ ಬೆರಳೆಣಿಕೆಯ ಬರಹಗಾರರು ಹೀಗೆಂದರು. ಪೇಟೆಯ ಕರಪತ್ರಗಳು ಇವರ ಕುಡಿತ, ಬೆತ್ತಲೆ ಕುಣಿತದ ಬಣ್ಣಬಣ್ಣದ ಕತೆ ಅಚ್ಚು ಹಾಕಿ ಮಾರಿದವು. ಸಂಸತ್ತು 1650ರ ಆಗಸ್ಟ್‌ನಲ್ಲಿ ದೈವನಿಂದೆ ಕಾಯ್ದೆ ತಂದಿತು, ಮೊದಲ ತಪ್ಪಿಗೆ ಆರು ತಿಂಗಳು ಜೈಲು, ಎರಡನೆಯದಕ್ಕೆ ಗಡಿಪಾರು. ಕಾಪ್ ಸೆರೆಯಿಂದಲೇ ಮಾತು ಹಿಂತೆಗೆದುಕೊಂಡ. ಸಂಘಟನೆ, ಸಭೆ, ಸದಸ್ಯತ್ವ ಯಾವುದೂ ಇವರಿಗೆ ಇದ್ದಂತಿಲ್ಲ. ರ‍್ಯಾಂಟರ್‌ಗಳೆಂಬ ಪಂಥವೇ ಇರಲಿಲ್ಲ, ಅದು ಹೆದರಿದವರ ಕಲ್ಪನೆ ಎಂಬ ವಾದ 1980ರ ದಶಕದಲ್ಲಿ ಎದ್ದು ಇತಿಹಾಸಕಾರರಲ್ಲಿ ದೊಡ್ಡ ಜಟಾಪಟಿ ನಡೆಯಿತು. ಬರಹಗಾರರಂತೂ ಇದ್ದರು, ಪಂಥ ಇತ್ತೆನ್ನಲು ಆಧಾರ ತೆಳು. ಈ ಕಾಲದ ಗುಂಪುಗಳ ಬಗ್ಗೆ ನಮಗೆ ಸಿಗುವ ಮಾಹಿತಿಯಲ್ಲಿ ದೊಡ್ಡ ಪಾಲು ಅವರ ಶತ್ರುಗಳು ಬರೆದದ್ದು.

ದಾನಿಯೇಲನ ಲೆಕ್ಕ: ಐದನೇ ಸಾಮ್ರಾಜ್ಯದವರು

ಬೈಬಲಿನ ದಾನಿಯೇಲನ ಗ್ರಂಥದಲ್ಲಿ ನಾಲ್ಕು ಮೃಗಗಳ ಕನಸು ಬರುತ್ತದೆ. ಅವು ಬ್ಯಾಬಿಲೋನ್, ಪರ್ಷಿಯಾ, ಗ್ರೀಸ್, ರೋಮ್ ಸಾಮ್ರಾಜ್ಯಗಳು, ಐದನೆಯದು ಕ್ರಿಸ್ತನ ಆಳ್ವಿಕೆ ಎಂಬ ವ್ಯಾಖ್ಯಾನ ಹಳೆಯದು. ಫಿಫ್ತ್ ಮೊನಾರ್ಕಿಸ್ಟರು ಅದನ್ನು ಪಂಚಾಂಗವಾಗಿ ಓದಿದರು. ಗ್ರಂಥದ ಒಂದು ದಿನವೆಂದರೆ ಒಂದು ವರ್ಷ ಎಂದು ಗುಣಿಸಿದರು. 666 ಮೃಗದ ಸಂಖ್ಯೆಯಾದ್ದರಿಂದ 1666ರ ಮೇಲೆ ಹಲವರ ಕಣ್ಣಿತ್ತು. ದೊರೆ ಸತ್ತದ್ದು ನಾಲ್ಕನೇ ಸಾಮ್ರಾಜ್ಯ ಕುಸಿಯುವ ಗುರುತಾಗಿ ಕಂಡಿತು.

1653ರಲ್ಲಿ ಇವರ ಕಾಲ ಬಂತೆನಿಸಿತು. ಮೇಜರ್ ಜನರಲ್ ಥಾಮಸ್ ಹ್ಯಾರಿಸನ್ ಇವರ ಕಡೆಯವನು. ಚುನಾವಣೆಯಿಲ್ಲದೆ ದೈವಭಕ್ತರನ್ನು ಆರಿಸಿ ಕೂರಿಸಿದ ಸುಮಾರು 140 ಮಂದಿಯ ಸಭೆ ಜುಲೈ 4ರಂದು ಸೇರಿತು. ಅದೇ ಬೇರ್‌ಬೋನ್ಸ್ ಪಾರ್ಲಿಮೆಂಟ್. ಮುರಿದುಬಿದ್ದದ್ದು ದಶಮಾಂಶದ ಮೇಲೆ. ಪಾದ್ರಿಗಳ ಆದಾಯ ಉಳಿಸುವ ಸಮಿತಿಯ ವರದಿ ಡಿಸೆಂಬರ್ 10ರಂದು 56ಕ್ಕೆ 54 ಮತಗಳಿಂದ ಬಿದ್ದುಹೋಯಿತು. ಮುಂದಿನ ಸರದಿ ಆಸ್ತಿಯದೆಂದು ಬೆದರಿದ ಸೌಮ್ಯವಾದಿಗಳು 12ರ ಬೆಳಗ್ಗೆ ಬೇಗನೆ ಸೇರಿ, ಅಧಿಕಾರವನ್ನು ಕ್ರಾಮ್‌ವೆಲ್ ಕೈಗೆ ಹಿಂದಿರುಗಿಸಿಬಿಟ್ಟರು. ಕ್ರಾಮ್‌ವೆಲ್ ಲಾರ್ಡ್ ಪ್ರೊಟೆಕ್ಟರ್, ಅಂದರೆ ದೇಶದ ಮುಖ್ಯಸ್ಥನಾದ. ನಿನ್ನೆಯವರೆಗೆ ದೇವರ ಸಾಧನವಾಗಿದ್ದವನು ಇವರ ಓದಿನಲ್ಲಿ ಮೃಗದ ಕೊಂಬಾದ.

ದೊರೆತನ 1660ರಲ್ಲಿ ಮರಳಿತು, ಹ್ಯಾರಿಸನ್‌ನನ್ನು ಅಕ್ಟೋಬರ್‌ನಲ್ಲಿ ಚಿತ್ರಹಿಂಸೆ ಕೊಟ್ಟು ಕೊಂದರು. 1661ರ ಜನವರಿಯಲ್ಲಿ ಥಾಮಸ್ ವೆನ್ನರ್ ಎಂಬ ಪೀಪಾಯಿ ಮಾಡುವವನು ಸುಮಾರು 50 ಮಂದಿಯೊಂದಿಗೆ ಲಂಡನ್ನಿನ ಬೀದಿಗಿಳಿದು, ‘ದೊರೆ ಯೇಸು’ ಎಂದು ಕೂಗಿ ಕಾದಾಡಿದ. ನಾಲ್ಕು ದಿನದಲ್ಲಿ ಮುಗಿಯಿತು, ವೆನ್ನರ್ ಗಲ್ಲಿಗೇರಿದ. ತಾರೀಖು ಹೇಳುವ ನಂಬಿಕೆಗೆ ತಾರೀಖೇ ಶತ್ರು. 1666 ಕಳೆಯಿತು, ಲಂಡನ್ ಸುಟ್ಟಿತು, ಐದನೇ ಸಾಮ್ರಾಜ್ಯ ಬರಲಿಲ್ಲ.

ಟೋಪಿ ತೆಗೆಯದವರು: ಕ್ವೇಕರ್‌ಗಳು

ನೇಕಾರನ ಮಗ ಜಾರ್ಜ್ ಫಾಕ್ಸ್ ಹುಟ್ಟಿದ್ದು 1624ರಲ್ಲಿ. 1652ರಲ್ಲಿ ಉತ್ತರದ ಬೆಟ್ಟಸೀಮೆಯಲ್ಲಿ ಅವನ ಮಾತಿಗೆ ಜನ ಕೂಡಿದರು. ಸ್ವಾರ್ತ್‌ಮೂರ್ ಹಾಲ್‌ನ ಮಾರ್ಗರೆಟ್ ಫೆಲ್ ತನ್ನ ಮನೆಯನ್ನೇ ಕೇಂದ್ರವಾಗಿಸಿದಳು. ಹೇಳಿದ್ದು ಇಷ್ಟು: ಪ್ರತಿಯೊಬ್ಬರೊಳಗೂ ಒಂದು ಬೆಳಕಿದೆ, ಅದಕ್ಕೆ ಪಾದ್ರಿಯ ಮಧ್ಯಸ್ಥಿಕೆ ಬೇಡ. ಸಭೆಯಲ್ಲಿ ಎಲ್ಲರೂ ಮೌನವಾಗಿ ಕೂರುವುದು, ಪ್ರೇರಣೆಯಾದವರು ಎದ್ದು ಮಾತಾಡುವುದು, ಗಂಡಾಗಲಿ ಹೆಣ್ಣಾಗಲಿ.

ಒಳಬೆಳಕಿನ ಮಾತಿಗಿಂತ ಅವರ ನಡವಳಿಕೆ ಜನರನ್ನು ಕೆರಳಿಸಿತು. ನ್ಯಾಯಾಧೀಶನ ಮುಂದೂ ಟೋಪಿ ತೆಗೆಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಆಗಿನ್ನೂ ನೀನು, ನೀವು ಎಂಬ ಭೇದವಿತ್ತು. ಕ್ವೇಕರ್‌ಗಳು ಧಣಿಗೂ ಜಡ್ಜಿಗೂ ನೀನು ಎಂದೇ ಹೇಳಿದರು. ಅದು ಕಿವಿಗೆ ಹೇಗೆ ಬಡಿದಿರಬೇಕೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ದಶಮಾಂಶ ಕೊಡುವುದಿಲ್ಲ ಎಂದರು. ಅಂಗಡಿಯಲ್ಲಿ ಚೌಕಾಸಿ ಸುಳ್ಳಿನ ವ್ಯಾಪಾರವೆಂದು ಒಂದೇ ಬೆಲೆ ಇಟ್ಟರು, ಇದರಿಂದ ಗಿರಾಕಿ ಹೆಚ್ಚಿದ್ದೂ ಉಂಟು. ಆಣೆ ಇಡಬೇಡ ಎಂದು ಯೇಸು ಹೇಳಿದ್ದಾನೆ, ಅಲ್ಲದೆ ಆಣೆಯಿಟ್ಟಾಗ ಮಾತ್ರ ಸತ್ಯ ಹೇಳುವುದಾದರೆ ಉಳಿದ ಹೊತ್ತು ಏನು ಹೇಳುತ್ತೇವೆ ಎಂದು ಕೇಳಿದರು. ಅಧಿಕಾರಿಗಳಿಗೆ ಇದು ಸುಲಭದ ಅಸ್ತ್ರವಾಯಿತು. ಬೇರೆ ಆರೋಪ ನಿಲ್ಲದಿದ್ದರೆ ದೊರೆಗೆ ನಿಷ್ಠೆಯ ಆಣೆ ಇಡು ಎನ್ನುವುದು, ನಿರಾಕರಿಸಿದೊಡನೆ ಜೈಲಿಗೆ ತಳ್ಳುವುದು.

ಮೊದಮೊದಲ ಕ್ವೇಕರ್‌ಗಳು ಇಂದಿನ ಶಾಂತಮೂರ್ತಿಗಳಾಗಿರಲಿಲ್ಲ. 1656ರ ಅಕ್ಟೋಬರ್‌ನಲ್ಲಿ ಜೇಮ್ಸ್ ನೇಲರ್ ಸುರಿವ ಮಳೆಯಲ್ಲಿ ಕುದುರೆಯೇರಿ, ಯೇಸು ಜೆರೂಸಲೇಮಿಗೆ ಬಂದಂತೆ ಬ್ರಿಸ್ಟಲ್ ನಗರ ಹೊಕ್ಕ, ಜೊತೆಯವರು ಸ್ತೋತ್ರ ಹಾಡುತ್ತಿದ್ದರು. ಸಂಸತ್ತೇ ವಿಚಾರಣೆಗೆ ಕೂತಿತು. ಮರಣದಂಡನೆ 96ಕ್ಕೆ 82 ಮತಗಳಿಂದ ತಪ್ಪಿತು. ಬದಲಿಗೆ 310 ಚಾಟಿಯೇಟು, ಹಣೆಗೆ ಬರೆ, ನಾಲಿಗೆಗೆ ಕಾದ ಕಬ್ಬಿಣ. ಎಲ್ಲರೊಳಗೂ ಬೆಳಕಿದೆ ಎಂದ ಮೇಲೆ ಒಬ್ಬನ ಬೆಳಕು ಹದ್ದು ಮೀರಿದರೆ ತಡೆಯುವವರು ಯಾರು ಎಂಬ ಪ್ರಶ್ನೆ ಕ್ವೇಕರ್‌ಗಳಿಗೆ ಇದರಿಂದ ಎದುರಾಯಿತು.

ವೆನ್ನರ್ ದಂಗೆ ಇನ್ನೊಂದು ಪಾಠ. ದಂಗೆಗೂ ಇವರಿಗೂ ಸಂಬಂಧವಿಲ್ಲದಿದ್ದರೂ ಕೆಲವೇ ವಾರಗಳಲ್ಲಿ 4,000ಕ್ಕೂ ಹೆಚ್ಚು ಕ್ವೇಕರ್‌ಗಳು ಸೆರೆಯಾದರು. ಯಾವ ಕಾರಣಕ್ಕೂ ಆಯುಧ ಹಿಡಿಯುವುದಿಲ್ಲ ಎಂಬ ಅವರ ಪ್ರಸಿದ್ಧ ಘೋಷಣೆ ಹೊರಬಿದ್ದದ್ದು ಆ ಜನವರಿಯಲ್ಲೇ. 1662ರಲ್ಲಿ ಕ್ವೇಕರ್ ಕಾಯ್ದೆ, 1664 ಮತ್ತು 1670ರಲ್ಲಿ ಖಾಸಗಿ ಪ್ರಾರ್ಥನಾಸಭೆಗಳನ್ನು ನಿಷೇಧಿಸುವ ಕಾಯ್ದೆಗಳು ಬಂದವು. ಬೇರೆ ಪಂಥದವರು ಕದ ಹಾಕಿಕೊಂಡು ಗುಟ್ಟಾಗಿ ಸೇರಿದರೆ, ಇವರು ಬಾಗಿಲು ತೆರೆದೇ ಕೂತರು. ಸಭಾಂಗಣಕ್ಕೆ ಬೀಗ ಜಡಿದರೆ ಬೀದಿಯಲ್ಲಿ ಕೂತರು.

ಇವರು ಅಳಿಯದೆ ಉಳಿದುಕೊಂಡದ್ದರ ಗುಟ್ಟು ಇರುವುದು ಕಡತದಲ್ಲಿ. 1660ರ ದಶಕದ ಕೊನೆಗೆ ಫಾಕ್ಸ್ ದೇಶ ಸುತ್ತಿ ಮೆಟ್ಟಿಲು ಮೆಟ್ಟಿಲಾದ ವ್ಯವಸ್ಥೆ ಕಟ್ಟಿದ. ಊರಿನ ವಾರದ ಸಭೆ, ಅದರ ಮೇಲೆ ತಿಂಗಳ ಸಭೆ, ಜಿಲ್ಲೆಗೆ ಮೂರು ತಿಂಗಳ ಸಭೆ, ಲಂಡನ್ನಿನಲ್ಲಿ ವಾರ್ಷಿಕ ಸಭೆ. ಹುಟ್ಟು, ಮದುವೆ, ಸಾವು ಎಲ್ಲಕ್ಕೂ ಸ್ವಂತ ದಾಖಲೆ. ಯಾರ ಮನೆಯಿಂದ ದಶಮಾಂಶಕ್ಕೆಂದು ಯಾವ ಹಸು, ಯಾವ ಪಾತ್ರೆ ಜಪ್ತಿಯಾಯಿತು, ಅದರ ಬೆಲೆ ಎಷ್ಟು ಎಂದು ಬರೆದಿಟ್ಟು ಲಂಡನ್ನಿಗೆ ಕಳಿಸುವುದು. ಅಲ್ಲಿನ ಸಮಿತಿ ಅದನ್ನು ಅಚ್ಚು ಹಾಕಿಸಿ ಸಂಸತ್ ಸದಸ್ಯರ ಕೈಗಿಡುವುದು. ಸೆರೆಯಾದವರ ಸಂಸಾರವನ್ನು ತಿಂಗಳ ಸಭೆ ನೋಡಿಕೊಳ್ಳುತ್ತಿತ್ತು, ಎಲ್ಲೆ ಮೀರಿದವರಿಗೆ ಅದೇ ಸಭೆ ಬುದ್ಧಿ ಹೇಳುತ್ತಿತ್ತು. ನಾಯಕ ಜೈಲಿನಲ್ಲಿದ್ದರೂ ಕೆಲಸ ನಿಲ್ಲುತ್ತಿರಲಿಲ್ಲ. ಲೆವೆಲರ್‌ಗಳಿಗೆ ಸೈನ್ಯ ಹೇಗೋ, ಡಿಗ್ಗರ್‌ಗಳಿಗೆ ಒಂದು ತುಂಡು ನೆಲ ಹೇಗೋ, ಹಾಗೆ ಕ್ವೇಕರ್‌ಗಳಿಗೆ ಈ ಸಭೆಗಳು. ವ್ಯತ್ಯಾಸವಿಷ್ಟೇ, ಇದನ್ನು ಯಾರೂ ಬರಖಾಸ್ತು ಮಾಡಲಾಗಲಿಲ್ಲ, ಸುಡಲಾಗಲಿಲ್ಲ.

ಬೀದಿಯಲ್ಲಿ ಉಪದೇಶ ಮಾಡಿದ್ದಕ್ಕೆ 1670ರಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಕಟಕಟೆಗೆ ಬಂದರು. ಜ್ಯೂರಿ ತಪ್ಪಿತಸ್ಥರೆಂದು ಹೇಳಲು ಒಪ್ಪಲಿಲ್ಲ. ನ್ಯಾಯಾಲಯ ಜ್ಯೂರಿಯನ್ನು ಅನ್ನನೀರಿಲ್ಲದೆ ಎರಡು ರಾತ್ರಿ ಕೂಡಿಹಾಕಿತು, ಆಮೇಲೆ ದಂಡ ಹಾಕಿತು. ಎಡ್ವರ್ಡ್ ಬುಶೆಲ್ ಮತ್ತು ಮೂವರು ದಂಡ ಕಟ್ಟದೆ ಜೈಲಿಗೆ ಹೋಗಿ ಮೇಲಿನ ಕೋರ್ಟಿನ ಕದ ತಟ್ಟಿದರು. ತೀರ್ಪಿಗಾಗಿ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂಬ ಇಂಗ್ಲಿಷ್ ಕಾನೂನಿನ ನಿಯಮ ಗಟ್ಟಿಯಾದದ್ದು ಇಲ್ಲಿ.

ಯಾರನ್ನೂ ಕರೆಯದ ಪಂಥ

1652ರ ಫೆಬ್ರುವರಿಯಲ್ಲಿ ಲಂಡನ್ನಿನ ದರ್ಜಿ ಜಾನ್ ರೀವ್‌ಗೆ ದೈವವಾಣಿ ಕೇಳಿಸಿತು: ನೀನು ಮತ್ತು ನಿನ್ನ ಸೋದರಸಂಬಂಧಿ ಲೋಡೊವಿಕ್ ಮಗಲ್‌ಟನ್ ಬೈಬಲಿನ ಪ್ರಕಟನೆ ಗ್ರಂಥ ಹೇಳುವ ಕೊನೆಯ ಇಬ್ಬರು ಸಾಕ್ಷಿಗಳು. ಮಗಲ್ಟೋನಿಯನ್ನರು ಪ್ರಾರ್ಥನೆ ಮಾಡುತ್ತಿರಲಿಲ್ಲ, ಮತಪ್ರಚಾರಕ್ಕೆ ಹೋಗುತ್ತಿರಲಿಲ್ಲ, ಹೆಂಡದಂಗಡಿಯ ಕೋಣೆಯಲ್ಲಿ ಸೇರಿ ಹಾಡು ಹೇಳಿ ಹರಟಿ ಏಳುತ್ತಿದ್ದರು. ದೇವರಿಗೆ ಮನುಷ್ಯನಷ್ಟೇ ಎತ್ತರದ ದೇಹವಿದೆ ಎಂದು ನಂಬಿದ್ದರು. ಯಾರನ್ನೂ ಕೆಣಕದ ಈ ಪುಟ್ಟ ಗುಂಪಿನ ಕೊನೆಯ ಸದಸ್ಯನೆಂದು ಹೇಳಲಾಗುವ ಕೆಂಟ್ ಜಿಲ್ಲೆಯ ರೈತ ತೀರಿಕೊಂಡದ್ದು 1979ರಲ್ಲಿ. ಪಂಥದ ಮೂರು ಶತಮಾನದ ಕಾಗದಪತ್ರಗಳು ಅವನ ಬಳಿ ಹಣ್ಣಿನ ಪೆಟ್ಟಿಗೆಗಳಲ್ಲಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

1689ರಲ್ಲಿ ಸಿಕ್ಕಿದ್ದು, ಸಿಗದಿದ್ದದ್ದು

1689ರ ಸಹಿಷ್ಣುತಾ ಕಾಯ್ದೆ ರಾಷ್ಟ್ರೀಯ ಚರ್ಚಿನ ಹೊರಗಿನ ಪ್ರೊಟೆಸ್ಟಂಟರಿಗೆ ಪೂಜೆಯ ಹಕ್ಕು ಕೊಟ್ಟಿತು. ಷರತ್ತುಗಳಿದ್ದವು: ಸಭಾಸ್ಥಳ ನೋಂದಣಿಯಾಗಬೇಕು, ಸಭೆ ನಡೆಯುವಾಗ ಬಾಗಿಲಿಗೆ ಅಗುಳಿ ಹಾಕಕೂಡದು. ಕ್ಯಾಥೊಲಿಕರೂ, ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವ ತತ್ವ ಒಪ್ಪದವರೂ ಹೊರಗುಳಿದರು. 1696ರಲ್ಲಿ ಕ್ವೇಕರ್‌ಗಳ ದೃಢವಚನಕ್ಕೆ ಮಾನ್ಯತೆ ಬಂತು, ಅದೂ ಸಿವಿಲ್ ವ್ಯವಹಾರಗಳಿಗಷ್ಟೇ. ಜೋಸೆಫ್ ಪೀಸ್ ಎಂಬ ಕ್ವೇಕರ್ ಆಣೆಯಿಲ್ಲದೆ ಸಂಸತ್ತಿನಲ್ಲಿ ಕೂತದ್ದು 1833ರಲ್ಲಿ, ನಾಸ್ತಿಕರೂ ಸೇರಿ ಎಲ್ಲರಿಗೂ ಆ ಹಕ್ಕು ದಕ್ಕಿದ್ದು 1888ರಲ್ಲಿ. ಸರ್ಕಾರಿ ಹುದ್ದೆಗಳ ಮೇಲಿನ ಧಾರ್ಮಿಕ ನಿರ್ಬಂಧ 1828ರವರೆಗೆ, ಆಕ್ಸ್‌ಫರ್ಡ್ ಕೇಂಬ್ರಿಜ್‌ಗಳಲ್ಲಿ 1871ರವರೆಗೆ ಎಳೆಯಿತು. ಆಸ್ತಿಯ ಅರ್ಹತೆಯಿಲ್ಲದೆ 21 ತುಂಬಿದ ಗಂಡಸರಿಗೆಲ್ಲ ಮತ ಬಂದದ್ದು 1918ರಲ್ಲಿ. ವಾರ್ಷಿಕ ಚುನಾವಣೆ ಇಂದಿಗೂ ಬಂದಿಲ್ಲ.

ದಶಮಾಂಶ? 1836ರಲ್ಲಿ ಧಾನ್ಯದ ಪಾಲು ಹೋಗಿ ನಗದು ಬಾಡಿಗೆಯಾಯಿತು. ಆ ಬಾಡಿಗೆಯನ್ನು 1936ರಲ್ಲಿ ರದ್ದು ಮಾಡಿ, ಬದಲಿಗೆ ಜಮೀನಿನವರು 60 ವರ್ಷ ಕಂತು ಕಟ್ಟುವಂತೆ ಮಾಡಲಾಯಿತು. ಲೆಕ್ಕದ ಪ್ರಕಾರ 1996ರವರೆಗೆ ಹೋಗಬೇಕಿದ್ದ ಆ ಕಂತುಗಳನ್ನು, ವಸೂಲಿಯ ಖರ್ಚು ತೂಗದೆ, 1977ರಲ್ಲೇ ನಿಲ್ಲಿಸಿದರು.